2.3ರ ಹಿಂದೆ ಬಿದ್ದಿದ್ದು

ಎಲೆಕ್ಟ್ರಾನ್ ಮತ್ತು ಅಣುವಿನ ಡಿಕ್ಕಿಯ ಲೆಕ್ಕವನ್ನು ನಾನು ಶುರು ಮಾಡಿದ್ದು ನೈಟ್ರೋಜನ್‌ನಿಂದ. ಎರಡೇ ಪರಮಾಣು, 14 ಎಲೆಕ್ಟ್ರಾನ್. ಸುಲಭ ಅಲ್ವಾ ಅಂದುಕೊಂಡಿದ್ದೆ. ಉತ್ತರವೂ ಗೊತ್ತಿತ್ತು: ಹೊರಗಿಂದ ಬರುವ ಎಲೆಕ್ಟ್ರಾನಿನ ಶಕ್ತಿ 2.3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿದ್ದರೆ ಅಣು ಅದನ್ನು ಒಂದೆರಡು ಫೆಮ್ಟೋಸೆಕೆಂಡ್ (ಸೆಕೆಂಡಿನ ಊಹೆಗೂ ನಿಲುಕದಷ್ಟು ಸಣ್ಣ ಚೂರು) ಹಿಡಿದಿಟ್ಟುಕೊಂಡು ಬಿಟ್ಟುಬಿಡುತ್ತದೆ. ಇದನ್ನೇ ರೆಸೊನೆನ್ಸ್ ಅನ್ನುವುದು.

ಬಳಸಿದ್ದು ಆರ್-ಮ್ಯಾಟ್ರಿಕ್ಸ್ ವಿಧಾನ. 1947ರಲ್ಲಿ ಭೌತವಿಜ್ಞಾನಿಗಳಾದ ವಿಗ್ನರ್ ಮತ್ತು ಐಸೆನ್‌ಬಡ್ ಇದಕ್ಕೆ ರೂಪ ಕೊಟ್ಟಿದ್ದು ನ್ಯೂಕ್ಲಿಯರ್ ಲೆಕ್ಕಗಳಿಗೆ. ಅಣುವಿನ ಸುತ್ತ 10 ಬೋರ್ (ಪರಮಾಣು ಲೋಕದ ಉದ್ದದ ಅಳತೆ) ತ್ರಿಜ್ಯದ ಒಂದು ಗೋಳ. ಒಳಗೆ ಅಣುವಿನ 14, ಬಂದದ್ದು ಒಂದು, ಒಟ್ಟು 15 ಎಲೆಕ್ಟ್ರಾನ್‌ಗಳ ಜಟಾಪಟಿ. ಹೊರಗೆ ಒಂಟಿ ಎಲೆಕ್ಟ್ರಾನ್, ಅದಕ್ಕೆ ದೂರದ ಸೆಳೆತ ಮಾತ್ರ.

ಮೊದಲ ಸುತ್ತಿನಲ್ಲಿ ಅಣುವಿನ ಎಲೆಕ್ಟ್ರಾನ್ ಮೋಡ ಅಲುಗದಂತೆ ಕಟ್ಟಿಹಾಕಿದ್ದೆ. ರೆಸೊನೆನ್ಸ್ 4ರ ಹತ್ತಿರ ಹೋಗಿ ಕೂತಿತು. ನಿಜದಲ್ಲಿ ಮೋಡ ಸರಿಯುತ್ತದೆ, ಸೆಳೆತ ಜಾಸ್ತಿಯಾಗುತ್ತದೆ. ಅದಕ್ಕಾಗಿ ಎಲೆಕ್ಟ್ರಾನ್ ಹೋಗಿ ಕೂರಬಹುದಾದ ಜಾಗಗಳನ್ನು, ಅಂದರೆ ಖಾಲಿ ಆರ್ಬಿಟಲ್‌ಗಳನ್ನು ಸೇರಿಸಿದೆ. ಆಗ ಇನ್ನೊಂದು ತಲೆನೋವು. ಈ ರೆಸೊನೆನ್ಸ್‌ಗೆ ಎರಡು ಅವಳಿ ಭಾಗಗಳಿವೆ, ಎರಡರ ಉತ್ತರವೂ ಒಂದೇ ಬರಬೇಕು. ನನಗೆ ಬೇರೆ ಬೇರೆ ಬಂತು. ಎರಡು ದಿನ ಕೋಡ್‌ನಲ್ಲಿ ಬಗ್ ಹುಡುಕಿದೆ. ಕೋಡ್ ಸರಿಯಾಗೇ ಇತ್ತು. ಶಕ್ತಿಯ ಕ್ರಮದಲ್ಲಿ ಇಷ್ಟು ಆರ್ಬಿಟಲ್ ಸಾಕು ಎಂದು ಸುಮ್ನೆ ಎಣಿಸಿ ಕತ್ತರಿಸಿದ್ದೆ. ಒಂದೇ ಶಕ್ತಿಯ ಅವಳಿ ಆರ್ಬಿಟಲ್ ಜೋಡಿಯಲ್ಲಿ (ಇದಕ್ಕೆ ಪೈ ಜೋಡಿ ಅನ್ನುತ್ತಾರೆ) ಒಂದು ಒಳಗೆ ಉಳಿದಿತ್ತು, ಅದರ ಅವಳಿ ಹೊರಗೆ!

ಅದನ್ನು ಸರಿಮಾಡಿದ ಮೇಲೆ ಶುರುವಾಯಿತು ನಿಜವಾದ ಆಸೆ. ಆರ್ಬಿಟಲ್ ಸೇರಿಸಿದಷ್ಟೂ ರೆಸೊನೆನ್ಸ್ ಕೆಳಗಿಳಿಯುತ್ತದೆ, 2.3 ದಾಟಿಯೂ ಇಳಿಯಬಹುದು. 15 ಎಲೆಕ್ಟ್ರಾನ್ ಕಡೆ ಲೆಕ್ಕ ಉತ್ತಮವಾಗುತ್ತಾ ಹೋಗುತ್ತದೆ, 14ರ ಕಡೆ, ಅಂದರೆ ಬರೀ ಅಣುವಿನದು, ಇದ್ದಲ್ಲೇ ಇರುತ್ತದೆ. ತಕ್ಕಡಿಯ ಒಂದೇ ತಟ್ಟೆಗೆ ತೂಕ ಹಾಕಿದ ಹಾಗೆ. ನಾನು ಸರಿಯಾಗಿ 2.3ಕ್ಕೆ ನಿಲ್ಲಿಸಿ, ಖುಷಿಯಾಗಿ ಗೈಡ್‌ಗೆ ತೋರಿಸಿದೆ.

“ಎಷ್ಟು ಆರ್ಬಿಟಲ್ ಹಾಕಿದೆ?” ಅಂದರು. ಹೇಳಿದೆ.

“ಯಾಕೆ ಅಷ್ಟೇ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಯಾವುದನ್ನು ಸೇರಿಸುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ ಎಂದು ಲೆಕ್ಕ ಓಡಿಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಉತ್ತರ 2.5 ಬಂದರೆ 2.5.

ಇನ್ನೂ ಒಂದು ಬಾಕಿ ಇದೆ. ಪ್ರಯೋಗದ ಗ್ರಾಫ್‌ನಲ್ಲಿ ಗರಗಸದ ಹಲ್ಲುಗಳಂತೆ ಹಲವು ಶಿಖರಗಳಿವೆ. ನನ್ನದರಲ್ಲಿ ಒಂದೇ ನುಣ್ಣನೆಯ ಗುಡ್ಡ. ಪರಮಾಣುಗಳನ್ನು ಅಲ್ಲಾಡದಂತೆ ನಿಲ್ಲಿಸಿದ್ದೇನಲ್ಲ, ಅದಕ್ಕೆ. ಈ ವಾರ ಅವುಗಳ ನಡುವಿನ ದೂರವನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಮತ್ತೆ ಲೆಕ್ಕ ಓಡಿಸುತ್ತಿದ್ದೇನೆ.