ಅಪ್ಪಯ್ಯನ ಪವರ್ ಪತ್ರ, ನಮ್ಮಿಬ್ಬರ ಸಹಿ

ಎರಡು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಅಪ್ಪಯ್ಯ ಅಂಗಳದಲ್ಲಿ ಜಾರಿ ಬಿದ್ದರು. ಜಾರಬಾರದು ಅಂತ ಹಾಸಿದ್ದ ಅಡಿಕೆ ಮರದ ಸೀಳು, ದಬ್ಬೆಯ ಮೇಲೇ ಕಾಲಿಟ್ಟಿದ್ದರು, ದಬ್ಬೆಗೇ ಪಾಚಿ ಹಿಡಿದಿತ್ತು. 81ನೇ ವಯಸ್ಸಿಗೆ ತೊಡೆ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಅವರ ದುಡ್ಡಿನ ಒಂದು ರೂಪಾಯಿಯನ್ನೂ ನಾವು ಮಕ್ಕಳು ಮುಟ್ಟುವ ಹಾಗಿಲ್ಲ ಅನ್ನೋದು ಗೊತ್ತಾಗಿದ್ದು ಆಗಲೇ. ಚೆಕ್ಕಿಗೆ ಅವರ ಸಹಿಯೇ ಬೇಕು. ಎಟಿಎಂ ಪಿನ್ ಅವರ ತಲೆಯಲ್ಲೇ ಇತ್ತು, ಅರಿವಳಿಕೆಯ ಮಂಪರಿನಲ್ಲಿ ಮೂರು ಸಲ ಮೂರು ಥರ ಹೇಳಿದರು.

ನಾವು ಮೂವರು. ಅಣ್ಣ ಬೆಂಗಳೂರಿನಲ್ಲಿ, ನಾನು ಶಿವಮೊಗ್ಗದಲ್ಲಿ, ತಂಗಿ ಇಂಗ್ಲೆಂಡಿನಲ್ಲಿ. ತೋಟ, ಮನೆ ತೀರ್ಥಹಳ್ಳಿ ಕಡೆ. ಅಮ್ಮ ಹೋಗಿ ಆರು ವರ್ಷ ಆಯ್ತು.

ಪವರ್ ಆಫ್ ಅಟಾರ್ನಿ, ಅಂದರೆ ಅಪ್ಪಯ್ಯನ ಪರವಾಗಿ ವ್ಯವಹಾರ ನಡೆಸೋಕೆ ಅವರೇ ಅಧಿಕಾರ ಬರೆದುಕೊಡುವ ಪತ್ರ, ಮಾಡಿಸೋಣ ಅಂತ ಅಣ್ಣನೇ ಹೇಳಿದ. ನನ್ನ ಹೆಸರೂ ಇರಲಿ ಅಂದಾಗ ಚಿಕ್ಕಪ್ಪ, "ಮದುವೆ ಮಾಡಿ ಕೊಟ್ಟ ಹೆಣ್ಣಿಗೆ ಯಾಕೆ ಪವರ್ರು?" ಅಂದರು. ಅಪ್ಪಯ್ಯ ಮಂಚದಿಂದಲೇ, "ಆಸ್ಪತ್ರೆಗೆ ಗಂಜಿ ತಂದೋಳು ಅವಳು" ಅಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಪತ್ರ ಬರಹಗಾರರು ಕೊಟ್ಟ ಕರಡು ನಾಲ್ಕು ಪುಟ ಇತ್ತು. ಎಲ್ಲರಿಗೂ ಅದೇ, ಹೆಸರು ಮಾತ್ರ ಬದಲು. ಅಪ್ಪಯ್ಯ ಪೋಸ್ಟ್ ಮಾಸ್ಟರ್ ಆಗಿದ್ದವರು, ಓದದೆ ಯಾವುದಕ್ಕೂ ಸಹಿ ಹಾಕಿದವರಲ್ಲ. ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದಿದರು. ಎರಡನೇ ಪುಟದಲ್ಲಿ ಬೆರಳು ನಿಂತಿತು. "ಸದರಿ ಸ್ವತ್ತನ್ನು ಕ್ರಯ, ಅಡಮಾನ, ದಾನ ಮಾಡಲು..." ಅಂತ ಇತ್ತು. "ನಾ ಕೇಳಿದ್ದು ಕರೆಂಟ್ ಬಿಲ್ ಕಟ್ಟೋಕೆ. ಇದರಲ್ಲಿ ತೋಟಾನೇ ಮಾರೋಕೆ ಬರೆದಿದೆಯಲ್ಲ!" ಅಂದರು. ನಾವಿಬ್ಬರೂ ಅದನ್ನು ಗಮನಿಸಿರಲೇ ಇಲ್ಲ. ಆ ಸಾಲನ್ನು ಪೂರ್ತಿ ತೆಗೆಸಿದೆವು. ಮಾರೋ ಅಧಿಕಾರ ನಮಗೆ ಬೇಡ. ಮುಂದೆ ಮಾರುವ ಪ್ರಸಂಗ ಬಂದರೆ ಅಪ್ಪಯ್ಯನೇ ಸಹಿ ಹಾಕಲಿ.

ಆಮೇಲೆ ನಿಜವಾದ ತಲೆನೋವು ಶುರುವಾಯಿತು. ಇಬ್ಬರೂ ಕೂಡಿ ಸಹಿ ಹಾಕಬೇಕೋ, ಒಬ್ಬರು ಹಾಕಿದರೆ ಸಾಕೋ? ಅಣ್ಣನಿಗೆ "ಜಂಟಿಯಾಗಿ" ಅಂತಲೇ ಇರಬೇಕಿತ್ತು, ಯಾರೂ ಯಾರ ಮೇಲೂ ಅನುಮಾನ ಪಡೋದು ಬೇಡ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ ತರೋಕೆ ದುಡ್ಡು ತೆಗೆಯಬೇಕಾದರೂ ಅವನು ಬೆಂಗಳೂರಿನಿಂದ ಬರಬೇಕಾಗುತ್ತೆ. ಅಷ್ಟು ಹೊತ್ತಿಗೆ ಅಡಿಕೆ ಉದುರಿರುತ್ತೆ. ಕೊನೆಗೆ "ಜಂಟಿಯಾಗಿ ಅಥವಾ ಪ್ರತ್ಯೇಕವಾಗಿ" ಅಂತ ಬರೆಸಿದೆವು. ಬ್ಯಾಂಕು, ಆಸ್ಪತ್ರೆ, ಕಂದಾಯ, ಅಡಿಕೆ ಮಾರಾಟ, ಇದಕ್ಕೆಲ್ಲ ಒಬ್ಬರ ಸಹಿ ಸಾಕು. ಎಫ್‌ಡಿ ಮುರಿಸೋಕೆ ಮಾತ್ರ ಇಬ್ಬರದ್ದೂ ಬೇಕು.

ಮನೆಗೇ ಬಂದು ನೋಂದಣಿ ಮಾಡಿ ಅಂತ ಸಬ್ ರಿಜಿಸ್ಟ್ರಾರರನ್ನು ಕೇಳಿಕೊಳ್ಳಬಹುದು, ನಡೆಯಲಾಗದವರಿಗೆ ಆ ಅವಕಾಶ ಇದೆ. ಅಪ್ಪಯ್ಯ ಒಪ್ಪಲಿಲ್ಲ. ವಾಕರ್ ಹಿಡಿದು ಆಫೀಸಿಗೇ ಬಂದರು, ಫೋಟೋಗೆ ಕೂದಲು ಬಾಚಿಕೊಂಡು.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ತಂಗಿಯ ಅತ್ತೆ ಬರೆದುಕೊಟ್ಟ ಪವರ್ ಅವರಿಗೆ ಮರೆವು ಬಂದ ಮೇಲೂ ನಡೆಯುತ್ತಿದೆ. ಅಲ್ಲಿ ಅದಕ್ಕೆಂದೇ 2005ರ ಕಾಯ್ದೆ ಇದೆ. ನಮ್ಮಲ್ಲಿ ಹಾಗಲ್ಲ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಬರೆದುಕೊಟ್ಟವರು ತೀರಿಕೊಂಡರೂ ಅಷ್ಟೇ, ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೇ, ಪವರ್ ಮುಗಿಯಿತು. ಅಂದರೆ ಅತೀ ಬೇಕಾದ ಹೊತ್ತಿಗೇ ಕೈಕೊಡುವ ಪತ್ರ ಇದು. ಹಾಗಾಗಿ ಅದನ್ನೇ ನಂಬಿ ಕೂರದೆ ಅಪ್ಪಯ್ಯನ ಉಳಿತಾಯ ಖಾತೆಗೆ ನನ್ನನ್ನೂ ಅಣ್ಣನನ್ನೂ ಜಂಟಿಯಾಗಿ ಸೇರಿಸಿದೆವು, ಯಾರು ಬೇಕಾದರೂ ತೆಗೆಯುವ ಹಾಗೆ. ವಿಲ್ ಕೂಡ ಆಗಲೇ ಬರೆಸಿದೆವು. ನೆನಪು ಚುರುಕಾಗಿದ್ದಾಗಲೇ ಇದೆಲ್ಲ ಆಗಬೇಕು.

ಜಗಳ ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಮೊದಲ ವರ್ಷ "ರಾಶಿ ಇಡಿ" ಅನ್ನೋ ಬಗೆಯ ಅಡಿಕೆಯನ್ನು ನಾನೇ ಮಾರಿದೆ. ಎಂಟೇ ದಿನದಲ್ಲಿ ಕ್ವಿಂಟಾಲಿಗೆ ಸಾವಿರ ಚಿಲ್ಲರೆ ಏರಿತು. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಧಾರಣೆ ನೋಡುವ ಅಣ್ಣ, "ಒಂದು ಮಾತು ಕೇಳಬಾರದಿತ್ತಾ?" ಅಂದ. ಕೂಲಿಯವರಿಗೆ ಬಟವಾಡೆ ಕೊಡಬೇಕಿತ್ತು, ಅದು ಅವನಿಗೆ ಕಾಣಲ್ಲ. ಹದಿನೈದು ದಿನ ಇಬ್ಬರೂ ಮಾತು ಬಿಟ್ಟೆವು. ಕಾನೂನಿನ ಪ್ರಕಾರ ನನ್ನ ತಪ್ಪಿರಲಿಲ್ಲ, ಒಬ್ಬರ ಸಹಿ ಸಾಕಿತ್ತಲ್ಲ. ಆದರೆ ಅವನ ಜಾಗದಲ್ಲಿ ನಾನಿದ್ದರೂ ಸಿಟ್ಟು ಬರುತ್ತಿತ್ತು ಅಂತ ಈಗ ಅನಿಸುತ್ತೆ.

ದಾರಿ ತೋರಿಸಿದ್ದು ತಂಗಿ. ಅವಳಿಗೆ ಸಹಿಯಿಲ್ಲ, ಹಾಗಾಗಿ ಲೆಕ್ಕ ನೋಡೋದು ಅವಳೇ ಅಂತಾಯಿತು. ಪ್ರತಿ ಬಿಲ್ಲಿನ ಫೋಟೋ ವಾಟ್ಸಾಪಿಗೆ ಹಾಕಬೇಕು. ಇಪ್ಪತ್ತು ಸಾವಿರ ದಾಟಿದರೆ, ಅಡಿಕೆ ಕೊಡುವುದಾದರೆ, ಮೊದಲು ಫೋನು. ಅಣ್ಣ ಎರಡು ದಿನದೊಳಗೆ ಏನೂ ಹೇಳದಿದ್ದರೆ ಒಪ್ಪಿದ ಹಾಗೆ. ಈ ಕೊನೇ ಮಾತು ಇಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಪಿಂಚಣಿಗೆ ಪ್ರತಿ ವರ್ಷ "ಬದುಕಿದ್ದೇನೆ" ಅಂತ ಅಪ್ಪಯ್ಯನೇ ತೋರಿಸಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಸವೆದು ಹೋಗಿದೆ, ಅದಕ್ಕೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುತ್ತೇವೆ. ಕಣ್ಣು ಮಿಟುಕಿಸಿ ಅಂತ ಮೊಬೈಲು ಕೇಳುತ್ತೆ. ಅಪ್ಪಯ್ಯ ಸರ್ಕಾರಿ ಫೋಟೋಗೆ ಕೂತ ಹಾಗೆ ಕಣ್ಣು ಬಿಟ್ಟುಕೊಂಡೇ ಕೂರುತ್ತಾರೆ. ಹೋದ ಸಲ ನಾಲ್ಕನೇ ಪ್ರಯತ್ನಕ್ಕೆ ಆಯ್ತು, ಅದೂ ಅಣ್ಣ ವಿಡಿಯೋ ಕಾಲಿನಲ್ಲಿ, "ಅಪ್ಪಯ್ಯ, ಕಣ್ಣು ಹೊಡಿ" ಅಂತ ಕೂಗಿದ ಮೇಲೆ.