ಲಗ್ನಪತ್ರಿಕೆ ಪಳಗಿಸಿದ ಕೈಗೆ ಲ್ಯಾರಿ ಇಟ್ಲಿಯಾಂಗ್

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಗಣಪತಿ ಹಬ್ಬದ ಬ್ಯಾನರು. ರಜೆ ಬಂತೆಂದರೆ ಸ್ಕ್ವೀಜಿ, ಅಂದರೆ ಜಾಲರಿಯ ಪರದೆಯ ಮೂಲಕ ಇಂಕನ್ನು ಕಾಗದಕ್ಕೆ ಇಳಿಸುವ ರಬ್ಬರ್ ಪಟ್ಟಿ, ಎಳೆಯುವುದು ನನ್ನ ಪಾಳಿ. ಆಮೇಲೆ ಸಾಫ್ಟ್‌ವೇರು, ಕ್ಯಾಲಿಫೋರ್ನಿಯಾ, ಮಾಮೂಲಿ ಕಥೆ.

2021ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂಗೆ ಹೋಗಿದ್ದೆ. ಅವರದೇ ಸಂಗ್ರಹದ 119 ಚಿಕಾನೊ ಕೃತಿಗಳ ಪ್ರದರ್ಶನ ನಡೆದಿತ್ತು. ಚಿಕಾನೊ ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರು ಹೋರಾಟದ ದಿನಗಳಲ್ಲಿ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು. ಎಸ್ಟರ್ ಹರ್ನಾಂಡೆಜ್ ಅವರ 1982ರ ‘ಸನ್ ಮ್ಯಾಡ್’ ಮುಂದೆ ಕಾಲು ಏಳಲಿಲ್ಲ. ಸನ್-ಮೇಡ್ ಒಣದ್ರಾಕ್ಷಿ ಡಬ್ಬಿಯ ಹುಡುಗಿ, ಅದೇ ಕೆಂಪು ಟೋಪಿ, ಕೈಯಲ್ಲಿ ದ್ರಾಕ್ಷಿ. ಮುಖವಿರಬೇಕಾದಲ್ಲಿ ತಲೆಬುರುಡೆ. ಅವರ ಊರಿನ ನೀರಿಗೆ ತೋಟದ ಕೀಟನಾಶಕ ಇಳಿದಿತ್ತಂತೆ. ಇದೂ ಸ್ಕ್ರೀನ್ ಪ್ರಿಂಟೇ. ಅಪ್ಪ ದಿನಾ ಮಾಡಿದ ಕೆಲಸ.

ವಾಪಸು ಬಂದವನೇ ಪೋಸ್ಟರು ಮಾಡಲು ಒಂದು ಪ್ರಿಂಟ್ ಸ್ಟುಡಿಯೋ ಸೇರಿದೆ. ಯಾರ ಮುಖ ಮಾಡೋದು? ತೋಟದ ಕೂಲಿಗಳ ನಾಯಕ ಸೀಸರ್ ಚಾವೆಜ್ ಎಲ್ಲ ಗೋಡೆಯ ಮೇಲೂ ಇದ್ದಾರೆ. ಆದರೆ 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ಕೊಯ್ಲು ನಿಲ್ಲಿಸಿ ಮೊದಲು ಹೊರಬಂದವರು ಫಿಲಿಪಿನೊ ಕೂಲಿಗಳು. ಅವರ ಮುಂದಾಳು ಲ್ಯಾರಿ ಇಟ್ಲಿಯಾಂಗ್. ಚಾವೆಜ್ ಅವರ ಸಂಘ ಕೂಡಿಕೊಂಡದ್ದು ಎಂಟು ದಿನ ಕಳೆದ ಮೇಲೆ. ದಪ್ಪ ಚೌಕಟ್ಟಿನ ಕನ್ನಡಕ, ಬಾಯಲ್ಲಿ ಚುಟ್ಟಾ. ಅಲಾಸ್ಕಾದಲ್ಲಿ ಮೂರು ಬೆರಳು ಕಳೆದುಕೊಂಡಿದ್ದರಿಂದ ‘ಏಳು ಬೆರಳು’ ಎಂಬ ಅಡ್ಡಹೆಸರು. ಪೋಸ್ಟರು ಮಾಡುವವನಿಗೆ ಇನ್ನೇನು ಬೇಕು?

ಮೊದಲ ಸಲ ಕೆಟ್ಟದ್ದು ನನ್ನ ಲಗ್ನಪತ್ರಿಕೆ ಬುದ್ಧಿಯಿಂದಲೇ. ಕೂದಲ ಎಳೆ, ಕೆನ್ನೆಯ ಸುಕ್ಕು ಎಲ್ಲ ಹಿಡಿಯಲು ಹೊರಟೆ. ಬಂದದ್ದು ಪಾಸ್‌ಪೋರ್ಟ್ ಫೋಟೋ. ಚಿಕಾನೊ ಕಲಾವಿದ ರೂಪರ್ಟ್ ಗಾರ್ಸಿಯಾ 1971ರಲ್ಲಿ ಮಾಡಿದ, ಕಪ್ಪು ಜನರ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಪೋಸ್ಟರನ್ನು ಮತ್ತೆ ನೋಡಿದೆ. ಬೂದು ಛಾಯೆಯ ಗೊಡವೆಯಿಲ್ಲ, ಒತ್ತಾದ ಬಣ್ಣದ ತುಂಡುಗಳು, ಅಷ್ಟೇ. ನಾನೂ ಕತ್ತರಿಸುತ್ತ ಹೋದೆ. ಮೂಗಿನ ಒಂದು ಬದಿ ಹೋಯಿತು, ಕಿವಿ ಹೋಯಿತು. ಕನ್ನಡಕ, ಚುಟ್ಟಾ, ಎತ್ತಿದ ಬಲಗೈ ಉಳಿದವು. ಯಾರದೋ ಒಂದು ಫೋಟೋವನ್ನೇ ಎತ್ತಿಕೊಳ್ಳದೆ ನಾಲ್ಕಾರು ನೋಡಿ ಕೈಯಲ್ಲೇ ಬರೆದೆ.

ಎರಡನೆಯ ಸಲ ಪರದೆಗೆ ಬಳಿದ ಎಮಲ್ಷನ್, ಅಂದರೆ ಬೆಳಕಿಗೆ ಗಟ್ಟಿಯಾಗುವ ಲೇಪ, ಪೂರ್ತಿ ಒಣಗುವ ಮೊದಲೇ ಬೆಳಕಿಗೆ ಹಿಡಿದೆ. ತೊಳೆಯುವಾಗ ಕನ್ನಡಕದ ಅಂಚು ನೀರಿನ ಜೊತೆ ಕಿತ್ತು ಬಂತು. ಮೂರನೆಯದು ಕೈಹಿಡಿಯಿತು: ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪು ಉಳಿದೆರಡರ ಮೇಲೆ ಒಂದು ಮಿಲಿಮೀಟರ್ ಹತ್ತಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಬಿಳಿ ಕಾಗದ ಇಣುಕುತ್ತದೆ. ಪರದೆಗೂ ಕಾಗದಕ್ಕೂ ನಡುವೆ ಎರಡು ನಾಣ್ಯದಷ್ಟು ಸಂದು. ನೀರಿನ ಇಂಕು ಜಾಲರಿಯಲ್ಲಿ ಬೇಗ ಕಟ್ಟಿಕೊಳ್ಳುವುದರಿಂದ ಪ್ರತಿ ಎಳೆತ ಮುಗಿದ ಕೂಡಲೇ ಪರದೆ ಎತ್ತಿ, ಒತ್ತದೆ, ಇಂಕನ್ನು ಹಿಂದಕ್ಕೆ ಹರಡಬೇಕು. ಅದಕ್ಕೆ ನನ್ನ ತೋಳಿಗೆ ಪಾಠ ಬೇಕಿರಲಿಲ್ಲ.

ನಲವತ್ತು ಕಾಗದ ಎಳೆದು ಮೂವತ್ತೊಂದನ್ನು ಇಟ್ಟುಕೊಂಡೆ. ಚೆನ್ನಾಗಿ ಬಂದದ್ದರ ಚಿತ್ರ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಯಾರು, ಏನು ಅಂತ ಕೇಳಲೇ ಇಲ್ಲ.

“ಕರೀದು ಛಲೋ ಕುಂತೈತಿ,” ಅಂದರು. “ಕೆಂಪು ಒಂದ್ ಕೂದಲೆಳಿ ಎಡಕ್ಕ ಸರದೈತಿ ನೋಡು.”