ಹಸು ಬಿಟ್ಟು ಬೆಳೆಗೆ ಬರುವವರಿಗೆ

ಹಸು ಸಾಕುವುದನ್ನು ಬಿಟ್ಟು ಸೊಪ್ಪು, ತರಕಾರಿಗೆ ಬರಬೇಕು ಅಂದುಕೊಂಡವರು ಎಲ್ಲ ಹಸುಗಳನ್ನೂ ಒಂದೇ ಸಲ ಕೊಡಬೇಡಿ. ಡೈರಿ ಬಟವಾಡೆ ನಿಂತರೆ ಮನೆ ಖರ್ಚು ಕಷ್ಟ. ಮೊದಲು ಮೇವಿಗೆ ಹಾಕಿದ ನೇಪಿಯರ್ ಹುಲ್ಲಿನ ಒಂದು ಪಟ್ಟಿ ಮಾತ್ರ ತೆಗೆಯಿರಿ. ಬುಡವನ್ನು ಬೇರು ಸಮೇತ ಅಗೆದು ಬಿಸಿಲಿಗೆ ಒಣಗಿಸಿ. ಸುಮ್ನೆ ಟ್ರ್ಯಾಕ್ಟರ್ ಹೊಡೆಸಿದರೆ ಕಡ್ಡಿ ತುಂಡೂ ಮತ್ತೆ ಚಿಗುರುತ್ತದೆ.

ಸಗಣಿ ಗೊಬ್ಬರ ಕಡಿಮೆಯಾಗುತ್ತದೆ ಅಲ್ವಾ, ಅದಕ್ಕೆ ಅಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿ. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ಬಲಿತರೆ ನಾರಾಗಿ ಬೇಗ ಕೊಳೆಯುವುದಿಲ್ಲ.

ಆಮೇಲೆ ವಾರಕ್ಕೊಂದು ಮಡಿ ಮೆಂತ್ಯ, ದಂಟು ಹಾಕಿ. ಮೆಂತ್ಯ 25–30 ದಿನಕ್ಕೆ ಕೀಳಲು ಬರುತ್ತದೆ, ವಾರವಾರ ಕಾಸು ಕಾಣಬಹುದು. ಬದುವಿನ ಮೇಲೆ ನುಗ್ಗೆ, ತೊಗರಿ ಇರಲಿ. ತಿಪ್ಪೆಯಲ್ಲಿರುವ ಹಳೆ ಗೊಬ್ಬರವನ್ನು ಮಾತ್ರ, ಯಾರು ಎಷ್ಟೇ ಕೇಳಿದರೂ ಮಾರಬೇಡಿ.